‘ನೃತ್ಯಂ ದರ್ಶಯಾಮಿ’ ಎಂದು ಅಕ್ಷತೆ ಹಾಕುವ ಮುನ್ನ

ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಇಲಾಖೆಯ ಆಯುಕ್ತರಿಗೆ ಹಾಗೂ ನಾಡಿನ ದೇವಸ್ಥಾನಗಳ ವ್ಯವಸ್ಥಾಪನಾ ಸಮಿತಿಗಳ ಅಧ್ಯಕ್ಷರಿಗೆ, ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ದೊಡ್ಡ ಪೂಜೆಯ ಕೊನೆಯ ಭಾಗವನ್ನು ನೀವು ಎಷ್ಟೋ ಸಲ ಕೇಳಿದ್ದೀರಿ. ನೈವೇದ್ಯ, ಮಂಗಳಾರತಿ, ಮಂತ್ರಪುಷ್ಪಗಳಾದ ಮೇಲೆ ಅರ್ಚಕರು ದೇವರನ್ನು ಅರಸನಂತೆ ಸತ್ಕರಿಸುವ ರಾಜೋಪಚಾರಕ್ಕೆ ಬರುತ್ತಾರೆ. ಛತ್ರಂ ಧಾರಯಾಮಿ, ಚಾಮರಂ ವೀಜಯಾಮಿ, ಗೀತಂ ಶ್ರಾವಯಾಮಿ, ನೃತ್ಯಂ ದರ್ಶಯಾಮಿ. ಒಂದೊಂದು ಮಾತಿಗೂ ಎರಡು ಕಾಳು ಅಕ್ಷತೆ ದೇವರ ಪಾದಕ್ಕೆ ಬೀಳುತ್ತದೆ. ಕೊಡೆ ಇರುವ ಗುಡಿಯಲ್ಲಿ ಕೊಡೆಯನ್ನೇ ಹಿಡಿಯುತ್ತಾರೆ. ಚಾಮರವಂತೂ ಸಣ್ಣ ಗುಡಿಗಳಲ್ಲೂ ಇರುತ್ತದೆ. ಗೀತಕ್ಕೆ, ಅಲ್ಲಿ ನಿಂತ ಭಕ್ತರಲ್ಲೇ ಯಾರಾದರೂ ಒಬ್ಬರು ದೇವರನಾಮದ ಒಂದು ನುಡಿಯನ್ನಾದರೂ ಹಾಡುತ್ತಾರೆ. ವಾದ್ಯಕ್ಕೆ ನಾಗಸ್ವರ ಇಲ್ಲದ ಕಡೆ ಮೋಟಾರು ಕಟ್ಟಿದ ನಗಾರಿ, ಜಾಗಟೆಗಳಿವೆ. ನೃತ್ಯದ ಸರದಿ ಬಂದಾಗ ಮಾತ್ರ ಎಲ್ಲ ಕಡೆಯೂ ಅಕ್ಷತೆಯೇ ಗತಿ. ‘ನೃತ್ಯವನ್ನು ತೋರಿಸುತ್ತೇನೆ’ ಎಂದು ದೇವರ ಎದುರು ನಿಂತು ಹೇಳುತ್ತೇವೆ, ಎರಡು ಕಾಳು ಅಕ್ಕಿ ಹಾಕುತ್ತೇವೆ, ಮುಂದಕ್ಕೆ ಹೋಗುತ್ತೇವೆ.

ಇಲ್ಲದ್ದಕ್ಕೆ ಅಕ್ಷತೆ ಹಾಕುವುದು ತಪ್ಪಲ್ಲ. ಅದೇ ಉಪಚಾರಗಳಲ್ಲಿ ಆನೆ, ಕುದುರೆ, ಪಲ್ಲಕ್ಕಿಗಳೂ ಬರುತ್ತವೆ. ಅವನ್ನೆಲ್ಲ ಬಡ ಗುಡಿಯೊಂದು ಎಲ್ಲಿಂದ ತಂದೀತು? ಅಭಾವವನ್ನು ಅಕ್ಷತೆ ತುಂಬಿಕೊಡುತ್ತದೆ. ಆದರೆ ನರ್ತಿಸಬಲ್ಲವರು ಗುಡಿಯ ಬಾಗಿಲಲ್ಲೇ ನಿಂತಿರುವಾಗ, ಪ್ರತಿ ತಾಲ್ಲೂಕಿನಲ್ಲೂ ಗೆಜ್ಜೆ ಕಟ್ಟಿದ ಮಕ್ಕಳಿರುವಾಗ, ಅಭಾವವೆಂದು ದೇವರಿಗೆ ಹೇಳುವುದು ಹೇಗೆ?

ನಾನು ಮೂವತ್ತು ವರ್ಷಗಳಿಂದ ಭರತನಾಟ್ಯ ಕಲಿಸುತ್ತಿದ್ದೇನೆ. ಈ ಪತ್ರದಲ್ಲಿ ನಾನು ಕೇಳುತ್ತಿರುವುದು ಒಂದೇ ವಿಷಯ. ನೃತ್ಯವನ್ನು ದೇವಸ್ಥಾನದ ಪೂಜೆಯ ಒಳಕ್ಕೆ, ಅದು ಮೊದಲಿದ್ದ ಜಾಗಕ್ಕೆ, ಮರಳಿ ಕರೆದುಕೊಳ್ಳಿ. ನರ್ತಿಸುವವರು ದೇವರ ಮುಖ ನೋಡುತ್ತಾ ನರ್ತಿಸುವಂತೆ ಮಾಡಿ.

ಹೀಗೆ ಬರೆಯಬೇಕೆನಿಸಿದ್ದು ಒಂದು ರಾತ್ರಿ ಮತ್ತು ಅದರ ಮರುದಿನದ ಬೆಳಗಿನಿಂದ. ಕೆಲವು ವರ್ಷಗಳ ಹಿಂದೆ ಒಂದು ದೇವಸ್ಥಾನದ ರಥೋತ್ಸವಕ್ಕೆ ನಮ್ಮನ್ನು ಕರೆದಿದ್ದರು. ಊರಿನ ಹೆಸರು ಬೇಡ. ಅಲ್ಲಿ ನಡೆದದ್ದು ಆ ಒಂದು ಊರಿನ ಕಥೆ ಮಾತ್ರವೂ ಅಲ್ಲ. ಆಮಂತ್ರಣ ಪತ್ರಿಕೆಯ ಎಡಗಡೆಯ ಪುಟದಲ್ಲಿ ಧ್ವಜಾರೋಹಣ, ಬಲಿ, ಉತ್ಸವ, ಅವಭೃಥ ಎಲ್ಲ ಇದ್ದವು. ನಮ್ಮ ಹೆಸರು ಬಲಗಡೆಯ ಪುಟದಲ್ಲಿ, ‘ಸಾಂಸ್ಕೃತಿಕ ಕಾರ್ಯಕ್ರಮ’ ಎಂಬ ತಲೆಬರಹದ ಕೆಳಗೆ, ಸಭಾ ಕಾರ್ಯಕ್ರಮಕ್ಕೂ ರಸಮಂಜರಿಗೂ ನಡುವೆ ಇತ್ತು. ವೇದಿಕೆಯನ್ನು ಧ್ವಜಸ್ತಂಭದ ಆಚೆ, ರಥಬೀದಿಗೆ ಮುಖ ಮಾಡಿ ಕಟ್ಟಿದ್ದರು. ಕುಣಿಯುವವರ ಬೆನ್ನು ನೇರವಾಗಿ ಗರ್ಭಗುಡಿಗೆ, ಮುಖ ಮುಂದಿನ ಸಾಲಿನ ಸೋಫಾಗಳಿಗೆ.

ನನ್ನ ಶಿಷ್ಯೆ ಆಗ ಹತ್ತೊಂಬತ್ತು ವರ್ಷದವಳು. ಪುಷ್ಪಾಂಜಲಿಗೆ ಬೊಗಸೆಯಲ್ಲಿ ಹೂ ಹಿಡಿದು ಬಂದವಳು ವೇದಿಕೆಯ ನಡುವೆ ಒಂದು ಗಳಿಗೆ ತಡೆದಳು. ಹೂವನ್ನು ಯಾವ ದಿಕ್ಕಿಗೆ ಅರ್ಪಿಸಬೇಕೆಂದು ಅವಳಿಗೆ ತಿಳಿಯಲಿಲ್ಲ. ಎದುರಿನ ಸೋಫಾಗಳಿಗೆ ಹಾಕಲು ಮನಸ್ಸಿಲ್ಲ. ಹಿಂದಕ್ಕೆ ತಿರುಗಿದರೆ ದೇವರಿಗೂ ಅವಳಿಗೂ ನಡುವೆ ಫ್ಲೆಕ್ಸ್ ಪರದೆ, ಅದರ ತುಂಬ ದಾನಿಗಳ ಭಾವಚಿತ್ರಗಳು. ಕೊನೆಗೆ ವೇದಿಕೆಯ ಮೂಲೆಯಲ್ಲಿಟ್ಟಿದ್ದ ಪುಟ್ಟ ನಟರಾಜನ ಪಾದಕ್ಕೆ ಹಾಕಿದಳು. ಆ ವಿಗ್ರಹ ನಾವು ಚೀಲದಲ್ಲಿ ಒಯ್ದದ್ದು. ದೇವರ ಅಂಗಳದಲ್ಲಿ ನರ್ತಿಸುವುದಕ್ಕೆ ಇನ್ನೊಂದು ದೇವರನ್ನು ಮನೆಯಿಂದ ಹೊತ್ತುಕೊಂಡು ಹೋಗಬೇಕಾಗಿತ್ತು.

ಕಛೇರಿಯ ಮುಖ್ಯ ನೃತ್ಯವಾದ ವರ್ಣದ ನಡುವೆ ಗಣ್ಯರು ಬಂದರು. ಹಾಡು ನಿಲ್ಲಿಸುವಂತೆ ಕೈಸನ್ನೆ ಆಯಿತು. ಹಾರ, ಶಾಲು, ಭಾಷಣಗಳು ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಆ ಹುಡುಗಿ ಅಷ್ಟು ಹೊತ್ತೂ ಗೆಜ್ಜೆ ಕಟ್ಟಿದ ಕಾಲಿನಲ್ಲಿ ಜನರೇಟರ್ ಪಕ್ಕ ನಿಂತಿದ್ದಳು. ಆಮೇಲೆ ಸಮಯವಿಲ್ಲವೆಂದು ನೇರವಾಗಿ ಮಂಗಳಕ್ಕೆ ಹೋಗಲು ಹೇಳಿದರು.

ಮರುದಿನ ಬೆಳಗ್ಗೆ ಹೊರಡುವ ಮುನ್ನ ದರ್ಶನಕ್ಕೆ ಹೋದೆವು. ಮೊದಲ ಪೂಜೆಯ ಹೊತ್ತು, ಜನ ಇನ್ನೂ ಬಂದಿರಲಿಲ್ಲ. ವಯಸ್ಸಾದ ಅರ್ಚಕರು ನಮ್ಮನ್ನು ಗುರುತಿಸಿದರು. “ಅಮ್ಮಾ, ನಿನ್ನೆ ಮಗುವಿನ ಪೂಜೆ ಅರ್ಧಕ್ಕೆ ನಿಂತಿತಲ್ಲ, ಇಲ್ಲಿ ಮುಗಿಸುತ್ತಾಳೆಯೇ?” ಎಂದು ಕೇಳಿದರು. ಪೂಜೆ ಎಂಬ ಮಾತನ್ನು ಆ ಊರಿನಲ್ಲಿ ನಮಗೆ ಬಳಸಿದವರು ಅವರೊಬ್ಬರೇ.

ಅವಳು ಚೂಡಿದಾರದಲ್ಲಿದ್ದಳು. ವೇಲನ್ನು ಸೊಂಟಕ್ಕೆ ಬಿಗಿದು, ನೆಲ ಮುಟ್ಟಿ ಭೂಮಿಗೆ ನಮಸ್ಕಾರ ಮಾಡಿ, ಗುಡಿಯ ನಡುಮಂಟಪವಾದ ನವರಂಗದ ನಡುವೆ ನಿಂತಳು. ಗೆಜ್ಜೆ ಇರಲಿಲ್ಲ. ನನ್ನ ಕೈಯಲ್ಲಿ ತಾಳವೂ ಇರಲಿಲ್ಲ; ಅಂಗೈ ತಟ್ಟುತ್ತಾ ಹಾಡಿದೆ. ಬರಿಗಾಲು ಕಲ್ಲಿಗೆ ಬೀಳುವ ಆ ಸದ್ದನ್ನು ನಾನು ಯಾವ ಸಭಾಂಗಣದಲ್ಲೂ ಕೇಳಿಲ್ಲ. ಹಲಗೆಯ ವೇದಿಕೆ ಸದ್ದನ್ನು ದೊಡ್ಡದು ಮಾಡುತ್ತದೆ. ಕಲ್ಲು ಹಾಗಲ್ಲ, ಕೊಟ್ಟಷ್ಟನ್ನೇ ಚೊಕ್ಕವಾಗಿ ಹಿಂದಿರುಗಿಸುತ್ತದೆ. ಅರೆಬರೆ ಹೆಜ್ಜೆ ಅಲ್ಲಿ ಅಡಗಿಕೊಳ್ಳಲಾರದು. ಗರ್ಭಗುಡಿಯ ಮುಂದಿನ ಸುಕನಾಸಿಯ ಆಚೆ ನಂದಾದೀಪ ಉರಿಯುತ್ತಿತ್ತು. ಅವಳ ಕಣ್ಣು ಅದರಿಂದ ಕದಲಲಿಲ್ಲ. ದೃಷ್ಟಿ ನಿಲ್ಲಿಸು, ದೃಷ್ಟಿ ನಿಲ್ಲಿಸು ಎಂದು ಪಾಠದಲ್ಲಿ ವರ್ಷಗಟ್ಟಲೆ ಹೇಳಿದ್ದೆ. ಎಲ್ಲಿ ನಿಲ್ಲಿಸಬೇಕು ಎನ್ನುವುದು ಆ ಬೆಳಗ್ಗೆ ಅವಳಿಗೂ ನನಗೂ ಒಟ್ಟಿಗೇ ತಿಳಿಯಿತು. ಹತ್ತು ನಿಮಿಷದಲ್ಲಿ ಮುಗಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅರ್ಚಕರು ರಾಜೋಪಚಾರ ಹೇಳತೊಡಗಿದರು. ‘ನೃತ್ಯಂ ದರ್ಶಯಾಮಿ’ ಎಂದಾಗ ಅವರ ಕೈ ಅಕ್ಷತೆಯ ಬಟ್ಟಲಿಗೆ ಹೋಗಲಿಲ್ಲ.

ಮಾನ್ಯರೇ, ನಾನು ಹೊಸ ಪದ್ಧತಿಯನ್ನು ಹುಟ್ಟುಹಾಕಲು ಕೇಳುತ್ತಿಲ್ಲ. ಕನ್ನಡ ನಾಡಿನ ದಾನಶಾಸನಗಳಲ್ಲಿ ಎರಡು ಪದಗಳು ಜೋಡಿಯಾಗಿ ಮತ್ತೆ ಮತ್ತೆ ಬರುತ್ತವೆ: ಅಂಗಭೋಗ, ರಂಗಭೋಗ. ದೇವರ ಅಂಗಭೋಗಕ್ಕೆ, ರಂಗಭೋಗಕ್ಕೆ ಇಷ್ಟು ಮತ್ತರು ಭೂಮಿ ಬಿಟ್ಟೆವು ಎಂದು ಅರಸರೂ ಹೆಗ್ಗಡೆಗಳೂ ವರ್ತಕರೂ ಕಲ್ಲಿನಲ್ಲಿ ಕೊರೆಸಿದ್ದಾರೆ. ಅಭಿಷೇಕ, ಗಂಧ, ಹೂ, ದೀಪ, ನೈವೇದ್ಯ ಅಂಗಭೋಗಕ್ಕೆ ಸೇರಿದವು. ಹಾಡು, ವಾದ್ಯ, ನೃತ್ಯ ರಂಗಭೋಗಕ್ಕೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ, ಒಂದೇ ದಾನದಲ್ಲಿ ನಡೆಸಿದರು. ನರ್ತಿಸುವವರಿಗೆ ಶಾಸನಗಳಲ್ಲಿ ‘ಪಾತ್ರ’ ಎಂಬ ಹೆಸರಿದೆ. ಆ ಪದವನ್ನು ನಾನು ಮಕ್ಕಳಿಗೆ ಬಿಡಿಸಿ ಹೇಳುತ್ತೇನೆ: ತನ್ನದನ್ನು ಖಾಲಿ ಮಾಡಿಕೊಂಡು ಇನ್ನೊಂದನ್ನು ತುಂಬಿಕೊಳ್ಳಬಲ್ಲದ್ದು ಪಾತ್ರ. ಇಂದು ನಮ್ಮ ಗುಡಿಗಳಲ್ಲಿ ಅಂಗಭೋಗ ಚೆನ್ನಾಗಿ ನಡೆಯುತ್ತಿದೆ, ಕೆಲವು ಕಡೆ ಹಿಂದೆಂದಿಗಿಂತಲೂ ವೈಭವದಿಂದ. ರಂಗಭೋಗವನ್ನು ಮಾತ್ರ ಹೊರಗಿನ ಶಾಮಿಯಾನಕ್ಕೆ ಕಳುಹಿಸಿದ್ದೇವೆ.

ಗುಡಿಯ ಕಟ್ಟಡವೇ ಸಾಕ್ಷಿ ಹೇಳುತ್ತದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವನ ಗುಡಿಗೆ ಹೋದವರೆಲ್ಲ ತಲೆಯೆತ್ತಿ ಛತ್ತನ್ನು ನೋಡುತ್ತಾರೆ. ಒಮ್ಮೆ ಕೆಳಗೂ ನೋಡಬೇಕು. ನವರಂಗದ ನಡುವೆ ಗುಂಡಗಿನ ನುಣುಪಾದ ಕಲ್ಲಿನ ಜಗಲಿ ಇದೆ, ಗರ್ಭಗುಡಿಯ ನೇರಕ್ಕೆ. ಅಲ್ಲಿ ನಿಂತರೆ ಎದುರಿಗೆ ಕೇಶವನಲ್ಲದೆ ಬೇರೇನೂ ಕಾಣುವುದಿಲ್ಲ. ಹಳೇಬೀಡಿನ ಹೊಯ್ಸಳೇಶ್ವರನ ಗುಡಿಯಲ್ಲೂ ಅಂಥ ಜಗಲಿ ಇದೆ. ಶಾಂತಲೆಯನ್ನು ಗೀತ, ವಾದ್ಯ, ನೃತ್ಯಗಳಲ್ಲಿ ನಿಪುಣೆ ಎಂದು ಶಾಸನಗಳು ಹೊಗಳುತ್ತವೆ. ಪಟ್ಟದರಸಿಗೆ ಅದು ಬಿರುದಾಗಿತ್ತು. ಬಾದಾಮಿಯ ಮೊದಲ ಗುಹೆಯ ಬಾಗಿಲ ಪಕ್ಕದಲ್ಲೇ ಹದಿನೆಂಟು ತೋಳಿನ ಶಿವ ಆರನೆಯ ಶತಮಾನದಿಂದ ಕುಣಿಯುತ್ತಾ ನಿಂತಿದ್ದಾನೆ. ಒಳಗೆ ಹೋಗುವವರು ಮೊದಲು ದೇವರ ಕುಣಿತವನ್ನು ನೋಡಿಯೇ ಹೋಗಬೇಕು ಎಂದು ಅದನ್ನು ಕೊರೆದವರು ಬಯಸಿದ್ದರೆಂದು ನನಗೆ ಅನ್ನಿಸುತ್ತದೆ.

ತಂಜಾವೂರಿನ ಬೃಹದೀಶ್ವರನ ಗುಡಿಯಲ್ಲಿ ರಾಜರಾಜ ಚೋಳ ಬರೆಸಿದ ಶಾಸನ ನಾನೂರು ನರ್ತಕಿಯರನ್ನು ಒಬ್ಬೊಬ್ಬರನ್ನಾಗಿ ಹೆಸರಿಸುತ್ತದೆ. ಯಾವ ಊರಿನ ಯಾವ ಗುಡಿಯಿಂದ ಬಂದವರು, ಯಾವ ಬೀದಿಯ ಎಷ್ಟನೆಯ ಮನೆ, ವರ್ಷಕ್ಕೆ ಎಷ್ಟು ಭತ್ತ, ಎಲ್ಲವೂ ಅದರಲ್ಲಿದೆ. ಲೆಕ್ಕಪತ್ರದ ಕಟ್ಟುನಿಟ್ಟಿನ ಆ ಬರಹವನ್ನು ಓದಿದರೆ, ಗುಡಿಯ ಮಿಕ್ಕ ಕೆಲಸದವರಿಗೆ ಗೊತ್ತುಮಾಡಿದಂತೆಯೇ ಇವರಿಗೂ ಗೊತ್ತುಮಾಡಿದ್ದಾರೆ ಎಂದು ಕಾಣುತ್ತದೆ. ಅದೇ ಗುಡಿಯ ವಿಮಾನದ ಮೇಲಂತಸ್ತಿನಲ್ಲಿ, ಜನ ಸಾಮಾನ್ಯವಾಗಿ ಹೋಗದ ಓಣಿಯಲ್ಲಿ, ನಾಟ್ಯಶಾಸ್ತ್ರ ಹೇಳುವ 108 ಕರಣಗಳಲ್ಲಿ, ಎಂದರೆ ನೃತ್ಯದ ಚಲನೆಗಳಲ್ಲಿ, 81ನ್ನು ಕೆತ್ತಿದ್ದಾರೆ. ಶಿವನೇ ನರ್ತಿಸುತ್ತಿದ್ದಾನೆ. ಮಿಕ್ಕ ಕಲ್ಲುಗಳು ಕೆತ್ತನೆಗೆ ಕಾಯುತ್ತಾ ಖಾಲಿಯಾಗಿ ಉಳಿದಿವೆ. ನೋಡುವವರಿಲ್ಲದ ಜಾಗದಲ್ಲಿ ಅಷ್ಟು ಶ್ರಮಪಟ್ಟದ್ದು ಯಾರಿಗಾಗಿ ಎಂಬುದನ್ನು ಹೇಳಬೇಕಾಗಿಲ್ಲ.

ನೃತ್ಯ ಇಲ್ಲಿ ಪೂಜೆಗೆ ಕಟ್ಟಿದ ತೋರಣದಂತೆ ಇರಲಿಲ್ಲ, ಕ್ರಿಯೆಯ ಭಾಗವೇ ಆಗಿತ್ತು. ಇದಕ್ಕೆ ನವಸಂಧಿ ಎಂಬ ವಿಧಿಗಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ. ಬ್ರಹ್ಮೋತ್ಸವದಲ್ಲಿ ಧ್ವಜ ಏರುವಾಗ ಎಂಟು ದಿಕ್ಕುಗಳ ದೇವತೆಗಳನ್ನೂ ನಡುವಿನ ಬ್ರಹ್ಮನನ್ನೂ ಆಹ್ವಾನಿಸಬೇಕು. ಒಂದೊಂದು ಸಂಧಿಗೂ ಅದರದೇ ರಾಗ, ಅದರದೇ ತಾಳ, ಅದರದೇ ನೃತ್ಯ ಗೊತ್ತಾಗಿದೆ. ಇಂದ್ರನ ದಿಕ್ಕಿನದನ್ನು ಯಮನ ದಿಕ್ಕಿನಲ್ಲಿ ಮಾಡುವಂತಿಲ್ಲ. ಮಂತ್ರ ಎಷ್ಟು ಕರಾರುವಾಕ್ಕೋ ಹೆಜ್ಜೆಯೂ ಅಷ್ಟೇ ಕರಾರುವಾಕ್ಕು. ನಾವು ಇಂದು ಕಛೇರಿಗಳಲ್ಲಿ ಮಾಡುವ ಕೌತ್ವಗಳೆಂಬ ದೇವಸ್ತುತಿಯ ನೃತ್ಯಗಳ ಮೂಲ ಅಲ್ಲಿದೆ. ದಿಕ್ಕುಗಳನ್ನು ಕರೆಯಲು ಹುಟ್ಟಿದ ಹೆಜ್ಜೆಗಳನ್ನು, ದಿಕ್ಕನ್ನೇ ಮರೆತು, ಧ್ವನಿವರ್ಧಕದ ಕಡೆಗೆ ತಿರುಗಿಕೊಂಡು ಮಾಡುತ್ತೇವೆ. ಕಾಳಿದಾಸ ನಾಟ್ಯವನ್ನು ದೇವತೆಗಳಿಗೆ ಸಲ್ಲುವ ‘ಚಾಕ್ಷುಷ ಕ್ರತು’, ಕಣ್ಣಿನಿಂದ ಸವಿಯುವ ಯಜ್ಞ, ಎಂದ. ಯಜ್ಞಕುಂಡಕ್ಕೆ ಬೆನ್ನು ಹಾಕಿ ಯಾರೂ ಆಹುತಿ ಕೊಡುವುದಿಲ್ಲ.

ಇನ್ನು ನಿಮ್ಮಲ್ಲಿ ಅನೇಕರ ಮನಸ್ಸಿನಲ್ಲಿರುವ ಮಾತಿಗೆ ಬರುತ್ತೇನೆ. ದೇವಸ್ಥಾನದೊಳಗೆ ನೃತ್ಯ ಎಂದೊಡನೆ ದೇವದಾಸಿ ಪದ್ಧತಿ ನೆನಪಾಗುತ್ತದೆ. ನೆನಪಾಗಬೇಕು ಕೂಡ. ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ, ದೇವರ ಹೆಸರಿನಲ್ಲಿ ಅವರ ಬಾಳನ್ನು ಕಿತ್ತುಕೊಂಡ ಆ ಅನ್ಯಾಯವನ್ನು ಕಲೆಯ ಹೆಸರಿನಲ್ಲಿ ಮುಚ್ಚಿಡುವವಳು ನಾನಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮೈಸೂರು ಸಂಸ್ಥಾನ ತನ್ನ ಮುಜರಾಯಿ ಗುಡಿಗಳಲ್ಲಿ ಆ ಸೇವೆಯನ್ನು ನಿಲ್ಲಿಸಿತು. ವೈದ್ಯೆಯೂ ಶಾಸಕಿಯೂ ಆಗಿದ್ದ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರಂಥವರು ಪಟ್ಟುಹಿಡಿದು ಹೋರಾಡಿದ್ದರಿಂದ ಮದ್ರಾಸ್ ಪ್ರಾಂತ್ಯದಲ್ಲಿ 1947ರಲ್ಲಿ ಕಾಯ್ದೆ ಬಂತು. ಕರ್ನಾಟಕದಲ್ಲಿ 1982ರಲ್ಲಿ ಬಂತು. ಆ ಕಾಯ್ದೆಗಳು ಬೇಕಾಗಿದ್ದವು, ಇಂದಿಗೂ ಬೇಕು.

ಆದರೆ ಒಂದು ಸಂಗತಿಯನ್ನು ಗಮನಿಸಿ. ಮದ್ರಾಸಿನ ಕಾಯ್ದೆ ಹೆಣ್ಣನ್ನು ದೇವರಿಗೆ ಬಿಡುವುದನ್ನಷ್ಟೇ ನಿಷೇಧಿಸಲಿಲ್ಲ. ಗುಡಿಯ ಆವರಣದಲ್ಲಿ, ದೇವರ ಮೆರವಣಿಗೆಯಲ್ಲಿ ಹೆಣ್ಣು ನರ್ತಿಸುವುದನ್ನೂ ಕಾನೂನುಬಾಹಿರ ಎಂದಿತು. ಶೋಷಣೆಯೂ ಸೇವೆಯೂ ಎಷ್ಟು ಹೆಣೆದುಕೊಂಡಿದ್ದವೆಂದರೆ ಅಂದು ಎರಡನ್ನೂ ಒಟ್ಟಿಗೆ ಕತ್ತರಿಸದೆ ದಾರಿಯಿರಲಿಲ್ಲವೇನೋ. ಕರ್ನಾಟಕದ 1982ರ ಕಾಯ್ದೆ ಹಿಡಿದು ಶಿಕ್ಷಿಸಿದ್ದು ಹೆಣ್ಣನ್ನು ದೇವರಿಗೆ ಅರ್ಪಿಸುವ ಕೃತ್ಯವನ್ನು. ಶಾಲೆಗೆ, ಕಾಲೇಜಿಗೆ, ಕಚೇರಿಗೆ ಹೋಗುವ ಹೆಣ್ಣೋ ಗಂಡೋ ತನ್ನ ಇಷ್ಟದಿಂದ ಬಂದು, ದೇವರ ಮುಂದೆ ಕಾಲು ಗಂಟೆ ನರ್ತಿಸಿ, ತೀರ್ಥ ಪ್ರಸಾದ ತೆಗೆದುಕೊಂಡು ಮನೆಗೆ ಹೋಗುವುದಕ್ಕೂ ಆ ಹಳೆಯ ಬಂಧನಕ್ಕೂ ಏನು ಸಂಬಂಧ? ತಮಿಳುನಾಡಿನ ಚಿದಂಬರದಲ್ಲಿ 1981ರಿಂದ ಶಿವರಾತ್ರಿಯ ಹೊತ್ತಿಗೆ ನರ್ತಕರು ನಾಟ್ಯಾಂಜಲಿ ಸಲ್ಲಿಸುತ್ತಾ ಬಂದಿದ್ದಾರೆ.

ಇನ್ನೊಂದು ಋಣವೂ ನಮ್ಮ ಮೇಲಿದೆ. ನಾವು ಕಲಿಯುವ ಅಲರಿಪು, ವರ್ಣ, ಪದ ಎಂಬ ನೃತ್ಯಗಳನ್ನೆಲ್ಲ ತಲೆಮಾರುಗಳ ಕಾಲ ಮೈಯಲ್ಲಿ ಉಳಿಸಿಕೊಂಡು ಬಂದವರು ಆ ದೇವದಾಸಿ ಹೆಂಗಸರೇ. ಮೈಸೂರು ಶೈಲಿ ಎಂದು ನಾವು ಹೆಮ್ಮೆಯಿಂದ ಹೇಳುವ ಭರತನಾಟ್ಯದ ಒಂದು ಬೇರು ಮೈಸೂರು ಜಿಲ್ಲೆಯ ಮೂಗೂರಿನ ತ್ರಿಪುರಸುಂದರಿಯ ಗುಡಿಯಲ್ಲಿದೆ. ಅವರ ಕಲೆಯನ್ನು ಸಭಾಂಗಣಗಳಿಗೆ ಕೊಂಡೊಯ್ದೆವು, ಪದವಿ ಪ್ರಮಾಣಪತ್ರಗಳನ್ನು ಪಡೆದೆವು, ಅವರ ಹೆಸರುಗಳನ್ನು ಮರೆತೆವು. ನೃತ್ಯಸೇವೆ ಮತ್ತೆ ಆರಂಭವಾಗುವುದಾದರೆ, ಆ ಮನೆತನಗಳವರಲ್ಲಿ ಇಂದೂ ಕಲೆಯನ್ನು ಉಳಿಸಿಕೊಂಡವರು ಇದ್ದರೆ, ಅವರಿಗೆ ಇಷ್ಟವಿದ್ದರೆ, ಮೊದಲ ತಾಂಬೂಲ ಅವರಿಗೆ ಸಲ್ಲಬೇಕು.

ನೃತ್ಯವನ್ನು ಸೇವೆಯಾಗಿ ನಡೆಸುವುದು ಇಂದಿನ ಆಡಳಿತಕ್ಕೆ ಒಗ್ಗುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಆದರೆ ಕೇರಳದ ಗುರುವಾಯೂರಿನಲ್ಲಿ ಹದಿನೇಳನೆಯ ಶತಮಾನದಿಂದ ಬಂದ ಕೃಷ್ಣನಾಟ್ಟಂ ಎಂಬ ನೃತ್ಯನಾಟಕ ಇದೆ. ಎಂಟು ರಾತ್ರಿಗಳ ಕೃಷ್ಣಕಥೆ. ಮೇಳವನ್ನು ಗುಡಿಯ ಆಡಳಿತವಾದ ದೇವಸ್ವಂ ತಾನೇ ಸಾಕುತ್ತದೆ; ಭಕ್ತರು ಹಣ ಕಟ್ಟಿ ಹರಕೆಯಾಗಿ ಆಡಿಸುತ್ತಾರೆ. ಮಗು ಬೇಕೆಂದವರು ಅವತಾರದ ಕಥೆ, ಮದುವೆ ಆಗಬೇಕೆಂದವರು ಸ್ವಯಂವರದ ಕಥೆ. ಕೇರಳದ ಗುಡಿಗಳ ನಾಟ್ಯಶಾಲೆಗಳಾದ ಕೂತ್ತಂಬಲಗಳಲ್ಲಿ, ವಂಶಪಾರಂಪರ್ಯವಾಗಿ ಆಡುತ್ತಾ ಬಂದ ಚಾಕ್ಯಾರರು ದೀಪ ಹಚ್ಚಿ, ದೇವರ ಕಡೆಗೆ ಮುಖ ಮಾಡಿ ಆಡುತ್ತಾರೆ. ಎದುರಿಗೆ ಜನ ಇಲ್ಲದಿದ್ದರೂ ಆಟ ನಿಲ್ಲುವುದಿಲ್ಲ, ಏಕೆಂದರೆ ನೋಡಬೇಕಾದವನು ಒಳಗಿದ್ದಾನೆ. ಪುರಿಯ ಜಗನ್ನಾಥನ ಗುಡಿಯಲ್ಲಿ 1499ರ ಪ್ರತಾಪರುದ್ರದೇವನ ಶಾಸನ, ದೇವರ ಮುಂದೆ ಗೀತಗೋವಿಂದವನ್ನೇ ಹಾಡಿ ನರ್ತಿಸಬೇಕೆಂದು ವಿಧಿಸುತ್ತದೆ. ಅಸ್ಸಾಮಿನ ವೈಷ್ಣವ ಮಠಗಳಾದ ಸತ್ರಗಳಲ್ಲಿ ಸಂತ ಶಂಕರದೇವರ ಕಾಲದಿಂದ ಭಕ್ತರು ಪ್ರಾರ್ಥನಾಮಂದಿರವಾದ ನಾಮಘರದೊಳಗೆ ನರ್ತಿಸುತ್ತಲೇ ಬಂದಿದ್ದಾರೆ. ಅವರ ಸತ್ರಿಯ ನೃತ್ಯಕ್ಕೆ 2000ದಲ್ಲಿ ಶಾಸ್ತ್ರೀಯ ನೃತ್ಯವೆಂಬ ಮನ್ನಣೆಯೂ ಸಿಕ್ಕಿತು.

ದೂರ ಹೋಗುವುದೂ ಬೇಡ. ಕಟೀಲಿನ ದುರ್ಗಾಪರಮೇಶ್ವರಿಯ ಯಕ್ಷಗಾನ ಮೇಳಗಳನ್ನು ನೋಡಿ. ಹರಕೆಯ ಆಟಕ್ಕೆ ಜನ ಹೆಸರು ಬರೆಸಿ ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಆಟಕ್ಕೆ ಮೊದಲು ಚೌಕಿಯಲ್ಲಿ ಪೂಜೆ ಆಗಬೇಕು. ಬಣ್ಣ ಹಚ್ಚುವ ಆ ಜಾಗವೇ ಅಂದಿನ ಗುಡಿ. ಆಡಿಸುವ ಮನೆಯವರು ತಾವು ಮನರಂಜನೆ ಏರ್ಪಡಿಸಿದ್ದೇವೆಂದು ತಿಳಿಯುವುದಿಲ್ಲ, ಹರಕೆ ಸಂದಿತು ಎನ್ನುತ್ತಾರೆ. ಯಕ್ಷಗಾನಕ್ಕೆ ಒಂದು ದೇವಸ್ಥಾನದ ಆಡಳಿತ ಇಷ್ಟು ಅಚ್ಚುಕಟ್ಟಾಗಿ ಸೇವೆಯ ರೂಪ ಕೊಡಬಲ್ಲದಾದರೆ ಮಿಕ್ಕ ನೃತ್ಯಗಳಿಗೆ ಏಕೆ ಆಗದು?

ಇಲ್ಲಿ ಭರತನಾಟ್ಯಕ್ಕಾಗಿ ಮಾತ್ರ ವಾದಿಸುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ. ನಿಜ ಹೇಳಬೇಕೆಂದರೆ, ನೃತ್ಯವೇ ಪೂಜೆ ಎಂಬ ಮಾತನ್ನು ಕೈಬಿಡದೆ ಉಳಿಸಿಕೊಂಡವರು ಶಾಸ್ತ್ರ ಓದಿದ ನಾವಲ್ಲ. ಖಡ್ಗ ಹಿಡಿದು ಒಡಪು ಹೇಳುತ್ತಾ ವೀರಭದ್ರನ ಮುಂದೆ ಕುಣಿಯುವ ವೀರಗಾಸೆಯವರು, ಡಮರುಗ ನುಡಿಸುತ್ತಾ ಮೈಲಾರಲಿಂಗನಿಗೆ ಹರಕೆ ಸಲ್ಲಿಸುವ ಗೊರವರು, ಮಾದಪ್ಪನ ಹೆಸರಿನಲ್ಲಿ ದೀಕ್ಷೆ ಪಡೆದು ಕಂಸಾಳೆ ಬೀಸುವ ದೇವರಗುಡ್ಡರು, ಅಮ್ಮನನ್ನು ತಲೆಯ ಮೇಲೆ ಹೊತ್ತು ಪೂಜಾ ಕುಣಿತ ಮಾಡುವವರು, ಇವರೇ ಉಳಿಸಿಕೊಂಡರು. ಕುಣಿತದ ಹೆಸರೇ ‘ಪೂಜೆ’ ಆಗಿರುವಾಗ ಬೇರೆ ಪುರಾವೆ ಏಕೆ?

ಅವರಿಗೂ ನಾವು ಇದೇ ಅನ್ಯಾಯವನ್ನು ಇನ್ನೊಂದು ಬಗೆಯಲ್ಲಿ ಮಾಡಿದ್ದೇವೆ. ನಮ್ಮನ್ನು ಗುಡಿಯಿಂದ ಹೊರಗಿಟ್ಟರು. ಅವರನ್ನು ಅವರ ಗುಡಿಯ ಜಾತ್ರೆಯಿಂದ ಎಬ್ಬಿಸಿ ತಂದು ಸಮಾರಂಭದ ಬಾಗಿಲಲ್ಲಿ ಅತಿಥಿಗಳ ಸ್ವಾಗತಕ್ಕೆ ನಿಲ್ಲಿಸುತ್ತಾರೆ. ತುಳುನಾಡಿನ ದೈವಾರಾಧನೆಯ ವಿಷಯದಲ್ಲಂತೂ ಇದು ಮೇರೆ ಮೀರಿದೆ. ದೈವದ ಕೋಲ ಕಟ್ಟುವವರು ಎಣ್ಣೆ, ವೀಳ್ಯಗಳ ಎಣ್ಣೆಬೂಳ್ಯ ಪಡೆದು, ವ್ರತ ಹಿಡಿದು, ಮುಖಕ್ಕೆ ಬಣ್ಣ ಹಚ್ಚಿಸಿಕೊಂಡು, ದೈವದ ಕಥೆ ಹಾಡುವ ಪಾಡ್ದನ ಕೇಳುತ್ತಾ, ಕೊನೆಗೆ ಕಾಲಿಗೆ ಗಗ್ಗರ ಕಟ್ಟುವ ಹೊತ್ತಿಗೆ ಬೇರೆಯೇ ಆಗಿರುತ್ತಾರೆ. ಆ ವೇಷದ ನಕಲನ್ನು ಸ್ತಬ್ಧಚಿತ್ರದ ಲಾರಿಯ ಮೇಲೆ, ಶಾಲಾ ವಾರ್ಷಿಕೋತ್ಸವದಲ್ಲಿ ಕುಣಿಸುವುದು ಬೇಡ ಎಂದು ಅಲ್ಲಿನ ಜನ ಮತ್ತೆ ಮತ್ತೆ ಕೈಮುಗಿದು ಕೇಳುತ್ತಿದ್ದಾರೆ. ಅವರ ಮಾತನ್ನು ಕೇಳಿ. ಆರಾಧನೆಗೆ ಅದರದೇ ನೆಲ, ಅದರದೇ ಹೊತ್ತು ಇರುತ್ತದೆ. ನನ್ನ ಕೋರಿಕೆಯೂ ಆ ಕೋರಿಕೆಯೂ ಬೇರೆಯಲ್ಲ.

ಮಾಡಬೇಕಾದದ್ದು ಏನು ಎಂದು ನೀವು ಕೇಳಬಹುದು. ಬಹಳವಿಲ್ಲ. ಸೇವಾ ಕೌಂಟರಿನ ಮುಂದೆ ತೂಗುಹಾಕಿರುವ ಫಲಕವನ್ನೊಮ್ಮೆ ನೋಡಿ. ಕುಂಕುಮಾರ್ಚನೆ, ಪಂಚಾಮೃತಾಭಿಷೇಕ, ತುಲಾಭಾರ, ವಾಹನ ಪೂಜೆಗಳಿವೆ. ಹೊಸ ಕಾರಿಗೆ ನಿಂಬೆಹಣ್ಣು ಇಡುವುದಕ್ಕೆ ದರ ಗೊತ್ತಾಗಿದೆ. ಅದರ ಕೆಳಗೆ ‘ನೃತ್ಯಸೇವೆ’ ಎಂದು ಇನ್ನೊಂದು ಸಾಲು ಸೇರಿಸಿ. ನಿತ್ಯವೂ ಬೇಡ. ಶಿವನ ಗುಡಿಯಲ್ಲಿ ಪ್ರದೋಷದಂದು ಆಗಲಿ. ಆ ಸಂಜೆ ಅವನೇ ನರ್ತಿಸುತ್ತಾನೆ ಎನ್ನುತ್ತಾರಲ್ಲ. ಅಮ್ಮನ ಗುಡಿಯಲ್ಲಿ ಶುಕ್ರವಾರ, ವಿಷ್ಣುವಿನ ಗುಡಿಯಲ್ಲಿ ಏಕಾದಶಿ. ಆಯಾ ಗುಡಿಯ ಆಗಮಿಕರನ್ನೂ ಅರ್ಚಕರನ್ನೂ ಕೇಳಿಯೇ ಹೊತ್ತು, ಜಾಗ ಗೊತ್ತುಮಾಡಿ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಗುಡಿಗಳಲ್ಲಿ ಅವರ ನಿಯಮದಂತೆಯೇ ನಡೆಯಲಿ. ಹದಿನೈದು ನಿಮಿಷ ಸಾಕು. ಅಷ್ಟು ಹೊತ್ತು ನವರಂಗದಲ್ಲಿರುವ ಸ್ಟೀಲ್ ಕಂಬಿಗಳ ಸಾಲನ್ನೂ ಹುಂಡಿಯನ್ನೂ ನಾಲ್ಕು ಅಡಿ ಪಕ್ಕಕ್ಕೆ ಸರಿಸಬೇಕಾದೀತು.

ಕೆಲವು ವಿಷಯಗಳಲ್ಲಿ ನಾನು ಹಟ ಹಿಡಿಯುತ್ತೇನೆ. ಜಾತಿ ಕೇಳಬಾರದು, ಹೆಣ್ಣೋ ಗಂಡೋ ಎಂದು ನೋಡಬಾರದು. ಮೈಕು, ಬಣ್ಣದ ದೀಪ, ನಿರೂಪಣೆ, ನೆನಪಿನ ಕಾಣಿಕೆ ಯಾವುದೂ ಬೇಡ. ಮೊಬೈಲ್ ಹೊರಗಿರಬೇಕು, ನರ್ತಕರ ತಾಯಿ ತಂದೆಯರದ್ದೂ ಸೇರಿ. ಈ ಮಾತಿಗೆ ನನ್ನ ವೃತ್ತಿಯವರೇ ಮುನಿಸಿಕೊಳ್ಳುತ್ತಾರೆಂದು ಬಲ್ಲೆ. ಆದರೆ ಗುಡಿಯನ್ನು ಹಿನ್ನೆಲೆಯ ಚಿತ್ರವಾಗಿ ಬಳಸಿಕೊಂಡು ರೀಲ್ಸ್ ಮಾಡುವುದಕ್ಕೆ ಈ ಸೇವೆ ದಾರಿಯಾದರೆ, ಅದಕ್ಕಿಂತ ಎರಡು ಕಾಳು ಅಕ್ಷತೆಯೇ ಮೇಲು. ಸಿದ್ಧತೆಯಿಲ್ಲದೆ ಬರುವುದೂ ಸಲ್ಲದು. ನೈವೇದ್ಯಕ್ಕೆ ಅರೆಬೆಂದ ಅನ್ನ ಇಡುತ್ತೇವೆಯೇ?

ಹಣದ ಮಾತು. ಮೃದಂಗ ನುಡಿಸುವವರಿಗೆ, ಹಾಡುವವರಿಗೆ, ನರ್ತಿಸುವವರಿಗೆ ಸಂಭಾವನೆ ಸಲ್ಲಬೇಕು. ‘ದೇವರ ಸೇವೆಗೆ ದುಡ್ಡೇಕೆ’ ಎಂದು ಕಲಾವಿದರನ್ನು ಕೇಳುವವರು, ಹೂ ಕೊಡುವ ಅಂಗಡಿಯವರನ್ನು ಹಾಗೆ ಕೇಳುವುದಿಲ್ಲ. ರಂಗಭೋಗಕ್ಕೆ ಹೊಲ ಬಿಟ್ಟವರಿಗೆ ಇದು ತಿಳಿದಿತ್ತು. ನಾಡಿನಲ್ಲಿ ಮುಜರಾಯಿಗೆ ಸೇರಿದ ಗುಡಿಗಳು ಮೂವತ್ತನಾಲ್ಕು ಸಾವಿರದಷ್ಟಿವೆ. ಅವುಗಳಲ್ಲಿ ಬಹುಪಾಲು ಸರ್ಕಾರ ಕೊಡುವ ತಸ್ತೀಕಿನ ಹಣದಲ್ಲಿ ದೀಪ ಹಚ್ಚುವ ಸಣ್ಣ ಗುಡಿಗಳು. ಅವುಗಳಿಂದ ಇದನ್ನು ನಿರೀಕ್ಷಿಸಲಾಗದು. ದೊಡ್ಡ ಆದಾಯದ ದೇವಸ್ಥಾನಗಳು ಮೊದಲು ಆರಂಭಿಸಲಿ. 1997ರ ಧಾರ್ಮಿಕ ದತ್ತಿ ಕಾಯ್ದೆಯಂತೆ ಅವುಗಳಿಂದ ಕೂಡಿಡುವ ಸಾಮಾನ್ಯ ಸಂಗ್ರಹ ನಿಧಿಯಿಂದ, ಸಣ್ಣ ಗುಡಿಗಳಿಗೆ ವರ್ಷಕ್ಕೊಂದು ದಿನ, ಅವರ ಜಾತ್ರೆಯಂದು, ಈ ಸೇವೆ ನಡೆಯುವಷ್ಟು ನೆರವು ಕೊಡುವುದನ್ನು ಇಲಾಖೆ ಪರಿಶೀಲಿಸಬೇಕೆಂದು ಪ್ರಾರ್ಥಿಸುತ್ತೇನೆ.

ಹೊರಗಿನ ವೇದಿಕೆ ಇರಲಿ, ಜನ ನೋಡಲಿ, ಸಂತೋಷಪಡಲಿ. ಅದನ್ನು ಕಟ್ಟುವಾಗ ಕೂಡ ಒಮ್ಮೆ ತಿರುಗಿ ಗರ್ಭಗುಡಿ ಎಲ್ಲಿದೆಯೆಂದು ನೋಡಿಕೊಳ್ಳಿ. ಶಾಮಿಯಾನ ಹಾಕುವವರಿಗೆ ಎರಡು ಮಾತು ಹೇಳಿದರೆ ಆಗುವ ಕೆಲಸ.

ಅಂದು ನವರಂಗದಲ್ಲಿ ನರ್ತಿಸಿದ ಆ ಹುಡುಗಿ ಈಗ ಸ್ವತಃ ಮಕ್ಕಳಿಗೆ ಕಲಿಸುತ್ತಿದ್ದಾಳೆ. ಅವಳ ಪಾಠದ ಕೋಣೆಯಲ್ಲಿ ಗೋಡೆಗನ್ನಡಿ ಇಲ್ಲ. ಮಕ್ಕಳು ನಿಲ್ಲುವ ದಿಕ್ಕಿನಲ್ಲಿ ಒಂದು ದೀಪ ಇದೆ. ಕಳೆದ ತಿಂಗಳು ಹೋದಾಗ, ಏಳೆಂಟು ವರ್ಷದ ಒಂದು ಮಗು ಮೊದಲ ಪಾಠದ ಹೆಜ್ಜೆಯಾದ ತಟ್ಟಡವು ಮಾಡುತ್ತಾ ಮಾಡುತ್ತಾ ನನ್ನ ಕಡೆಗೆ ತಿರುಗಿತು, ಹೊಸಬರು ಬಂದಿದ್ದಾರಲ್ಲ ಎಂದು. ಅವಳು ಮಗುವಿನ ಭುಜ ಹಿಡಿದು ಮೆಲ್ಲಗೆ ದೀಪದ ಕಡೆಗೆ ತಿರುಗಿಸಿದಳು, ಏನೂ ಹೇಳಲಿಲ್ಲ.

ಮುಂದಿನ ಪ್ರದೋಷಕ್ಕೆ ಯಾವ ಗುಡಿ ಕರೆದರೂ ನಾವು ಬರಲು ಸಿದ್ಧ. ನಾಲ್ಕು ಕಂಬಗಳ ನಡುವಿನ ಜಾಗ ಕೊಡಿ, ಒಳಗೆ ನಂದಾದೀಪ ಉರಿಯುತ್ತಿರಲಿ. ಗೆಜ್ಜೆ, ತಾಳ, ಮೃದಂಗಗಳನ್ನು ನಾವೇ ತರುತ್ತೇವೆ. ನಟರಾಜನ ವಿಗ್ರಹವನ್ನು ಮನೆಯಲ್ಲೇ ಬಿಟ್ಟು ಬರುತ್ತೇವೆ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ನೃತ್ಯ ಶಿಕ್ಷಕಿ